ಓದಿ ಕೇಳಿಸದೆ ಅಚ್ಚಿಗೆ ಕೊಡದವರು

ನಮ್ಮ ಸಂಪಾದಕರ ಹುಬ್ಬಿನಲ್ಲಿ ಸದಾ ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿತ್ತು. ತಿರುಪ್ಪೂರಿನಲ್ಲಿ ನಮ್ಮ ಪತ್ರಿಕೆಯ ಆಫೀಸು ಬನಿಯನ್ ಕಂಪನಿಗಳ ವೇಸ್ಟ್ ಬಟ್ಟೆ ತುಂಬಿಡುವ ಗೋಡೌನಿನ ಮಹಡಿಯಲ್ಲಿತ್ತು. ಕೆಳಗೆ ಮೂಟೆ ಎತ್ತಿ ಹಾಕಿದಾಗಲೆಲ್ಲ ಧೂಳು ಮೆಟ್ಟಿಲು ಹತ್ತಿ ಬರುತ್ತಿತ್ತು. ನಾವೆಲ್ಲ ಮುಖ ಒರೆಸಿಕೊಳ್ಳುತ್ತಿದ್ದೆವು, ಅವರು ಒರೆಸಿಕೊಳ್ಳುತ್ತಿರಲಿಲ್ಲ. ಆ ಬಿಳಿ ಹುಬ್ಬುಗಳನ್ನು ಮೇಲಕ್ಕೆತ್ತಿ, ನಾನು ಊರೆಲ್ಲ ಅಲೆದು ಬರೆದು ತಂದ ವರದಿಯನ್ನು ಮುಟ್ಟಿಯೂ ನೋಡದೆ ಕೇಳುತ್ತಿದ್ದರು: "ಓದಿ ಕೇಳ್ಸಿದ್ಯಾ ಕಣ್ಣೂ?" ಕಣ್ಣೂ ಎಂದರೆ ನಮ್ಮ ಕಡೆ ಮಗಳೇ ಎಂದ ಹಾಗೆ.

ಆ ಪ್ರಶ್ನೆಯ ಮೇಲೆ ನನಗಿದ್ದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಯಾರ ಕಷ್ಟವನ್ನು ಬರೆಯುತ್ತೇವೋ ಅವರ ಮನೆಗೇ ಮತ್ತೆ ಹೋಗಿ, ಎದುರು ಕೂತು, ಮೊದಲಿಂದ ಕೊನೆವರೆಗೆ ಓದಿ ಹೇಳಬೇಕು. ಅವರು ಬೇಡವೆಂದದ್ದನ್ನು ತೆಗೆಯಬೇಕು. ಪೂರ್ತಿ ಬೇಡವೆಂದರೆ ಪೂರ್ತಿ ಬಿಡಬೇಕು. ಅಧಿಕಾರಿಗಳಿಗೆ, ಮಾಲೀಕರಿಗೆ ಈ ಭಾಗ್ಯ ಇರಲಿಲ್ಲ, ಉತ್ತರ ಕೊಡಲು ಒಂದು ಅವಕಾಶ ಸಿಗುತ್ತಿತ್ತು, ಅಷ್ಟೇ. ನಮ್ಮದು ಯಾವ ಪಕ್ಷದ ಮಡಿಲಲ್ಲೂ ಕೂರದ ಚಿಕ್ಕ ತಮಿಳು ಪಾಕ್ಷಿಕ. ನಾವು ಆಗತಾನೆ ಕಾಲೇಜು ಮುಗಿಸಿ, ಲೋಕವನ್ನು ತಲೆಕೆಳಗು ಮಾಡುತ್ತೇವೆಂದು ಬಂದ ಹುಡುಗ ಹುಡುಗಿಯರು. ನಾವು ಓದಿ ಕೇಳಿಸಲು ಟೌನ್ ಬಸ್ಸಿನಲ್ಲಿ ನೇತಾಡುತ್ತಿದ್ದಾಗ ಅದೇ ಸುದ್ದಿ ದೊಡ್ಡ ಪತ್ರಿಕೆಯ ಮುಖಪುಟದಲ್ಲಿ ಬಂದಿರುತ್ತಿತ್ತು.

"ಸುದ್ದಿ ಹಳೇದಾಗ್ತದೆ ಅಣ್ಣಾ" ಎಂದು ನಾನು ಕೂಗಾಡಿದರೆ, "ಆಗ್ಲಿ ಬುಡು. ಪೊಳಪ್ಪು ಅವ್ರ್ದು, ನಮ್ದಾ?" ಎನ್ನುತ್ತಿದ್ದರು. ಅವರ ಬದುಕು, ಅವರ ಮಾತು, ನಿನ್ನದೇನು ಎಂದು ಅದರ ಅರ್ಥ. ಉಳಿದವರನ್ನು ತಮಿಳಿನಲ್ಲಿ ಬೈಯುತ್ತಿದ್ದ ಅವರು ನನ್ನನ್ನು ಮಾತ್ರ ಕನ್ನಡದಲ್ಲಿ ಬೈಯುತ್ತಿದ್ದರು. ಅವರ ಮನೆಯದು ಬೇಸಾಯ, ಸೂಲೂರು ಕಡೆಯ ನಮ್ಮ ಮನೆಯದು ಮಗ್ಗ. ಎರಡರಲ್ಲೂ ಅಡುಗೆಮನೆಯ ಮಾತು ಕನ್ನಡವೇ. ಅದು ನಮ್ಮಿಬ್ಬರ ಗುಟ್ಟಿನ ಭಾಷೆ ಎಂದು ಅವರು ಕೊನೆಯವರೆಗೂ ನಂಬಿದ್ದರು. ಇಡೀ ಆಫೀಸು ಕನ್ನಡದಲ್ಲಿ ಕಲಿತದ್ದು ಆ ಬೈಗುಳಗಳನ್ನೇ.

ನಮ್ಮ ಫೋಟೋಗ್ರಾಫರ್ ಒಮ್ಮೆ ತುಡಿಯಲೂರಿನ ಲೇತ್ ಕೆಲಸಗಾರನೊಬ್ಬನ ಬಗ್ಗೆ ಬರೆದ. ಆರ್ಡರ್ ಇಲ್ಲದೆ ಚಿಕ್ಕ ವರ್ಕ್‌ಶಾಪುಗಳು ಮುಚ್ಚುತ್ತಿದ್ದ ಕಾಲ. ಓದಿದ್ದನ್ನು ಕೇಳುತ್ತ ಆ ಮನುಷ್ಯ ಕಣ್ಣೀರಿಟ್ಟನಂತೆ. ಆಮೇಲೆ ಮುಖ ಒರೆಸಿಕೊಂಡು, "ಇದೆಲ್ಲ ಇರಲಿ ಸಾರ್, ನನಗಿನ್ನೂ ಹೆಣ್ಣು ಸಿಕ್ಕಿಲ್ಲ, ಅದನ್ನು ಮೊದಲು ಹಾಕಿ" ಎಂದನಂತೆ. ನಾವು ಬಿದ್ದು ಬಿದ್ದು ನಕ್ಕೆವು. ಸಂಪಾದಕರು ನಗಲಿಲ್ಲ. ಕೆಲಸವಿಲ್ಲದವನಿಗೆ ಹೆಣ್ಣು ಕೊಡುವವರು ಯಾರು ಎಂಬುದನ್ನೇ ತಲೆಬರಹ ಮಾಡಿದರು. ಆ ಸಂಚಿಕೆ ಖರ್ಚಾದ ಹಾಗೆ ನನ್ನ ಯಾವ ತನಿಖಾ ವರದಿಯೂ ಖರ್ಚಾಗಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಆದರೆ ಅದೇ ನಿಯಮ ಒಮ್ಮೆ ಒಬ್ಬಾಕೆಯ ಅನ್ನ ಕಿತ್ತುಕೊಂಡಿತು. ಬನಿಯನ್ ಕಂಪನಿಯೊಂದರಲ್ಲಿ ಟೈಲರ್ ಆಗಿದ್ದ ಧಾರಾಪುರದ ಹೆಂಗಸು ಆಕೆ. ಈ ಬರಹವನ್ನು ಮೊನ್ನೆ ಫೋನಿನಲ್ಲಿ ತಮಿಳು ಮಾಡಿ ಆಕೆಗೆ ಓದಿದೆ. "ಕನ್ನಡದಲ್ಲಿ ತಾನೇ? ನಮ್ಮೂರಲ್ಲಿ ಯಾರು ಓದುತ್ತಾರೆ, ಹಾಕಿಕೋ" ಎಂದಳು. ಅವಳ ಕಂಪನಿಯಲ್ಲಿ ಹೆಂಗಸರು ಟಾಯ್ಲೆಟ್ಟಿಗೆ ಹೋಗಬೇಕಾದರೆ ಸೂಪರ್‌ವೈಸರ್ ಹತ್ತಿರ ಕೈಯೊಡ್ಡಿ ಬೀಗದ ಕೈ ಕೇಳಬೇಕಿತ್ತು. ಅದನ್ನು ಅವಳು ಹೇಳಿದಳು, ನಾನು ಹೆಸರಿಲ್ಲದೆ ಬರೆದೆ. ಅವಳಿದ್ದದ್ದು ಲೈನ್ ಮನೆ, ಒಂದು ಮನೆಯಲ್ಲಿ ಕೆಮ್ಮಿದರೆ ಮೂರನೆಯ ಮನೆಗೆ ಕೇಳಿಸುತ್ತದೆ. "ಅಲ್ಲಿ ಓದುವುದು ಬೇಡ ಅಣ್ಣಾ" ಎಂದು ಬೇಡಿಕೊಂಡೆ. "ಅವ್ಳ್ ಮನೇಲಿ ಅವ್ಳಿಗ್ ಓದೋಕೆ ಯಾರ್ ಭಯ? ಹೋಗು" ಎಂದು ಅಟ್ಟಿದರು. ಗೋಡೆಯಾಚೆ ಯಾರು ಕೇಳಿಸಿಕೊಂಡರೋ, ಪತ್ರಿಕೆ ಅಚ್ಚಾಗುವ ಮೊದಲೇ ಅವಳನ್ನು ಕೆಲಸದಿಂದ ತೆಗೆದರು. ವರದಿ ಬಂತು, ಕಂಪನಿ ಎಲ್ಲ ಸುಳ್ಳೆಂದಿತು, ಅಲ್ಲಿಗೆ ಮುಗಿಯಿತು. ಅವಳು ಊರಿಗೆ ಹೋಗಿ ರವಿಕೆ ಹೊಲಿಯತೊಡಗಿದಳು. ಸಂಪಾದಕರು ನಿಯಮ ಬಿಡಲಿಲ್ಲ. ಆದರೆ ಅಂದಿನಿಂದ, "ಓದಿ ಕೇಳ್ಸಿದ್ಯಾ?" ಎಂದ ಮೇಲೆ, "ಎಲ್ಲಿ ಕೂತು?" ಎಂದೂ ಕೇಳುತ್ತಿದ್ದರು.

ಪತ್ರಿಕೆ ನಿಂತುಹೋಯಿತು. ಫೋಟೋಗ್ರಾಫರ್ ಚೆನ್ನೈಗೆ ಹೋಗಿ ನಿರ್ದೇಶಕನಾಗಿ, ನಮ್ಮ ಆಫೀಸನ್ನೇ ಸಿನಿಮಾ ಮಾಡಿದ. ಅರ್ಧ ನಗು, ಅರ್ಧ ಅಳು. ಕೊಯಮತ್ತೂರಿನ ಥಿಯೇಟರಿನಲ್ಲಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿದ. ತೆರೆಯ ಮೇಲಿನ ಸಂಪಾದಕ ಪಂಚೆ ಬಿಚ್ಚಿಹೋದರೂ ಭಾಷಣ ನಿಲ್ಲಿಸದ ಆಸಾಮಿ. ನನಗೆ ಅವಮಾನವಾಯಿತು, ನಮ್ಮ ಸಂಪಾದಕರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಆ ದೃಶ್ಯ ಬಂತು. ಸಂಪಾದಕ ಪತ್ರಿಕೆ ಹಿಡಿದು ಕಂಪನಿ ಗೇಟಿಗೆ ನುಗ್ಗುತ್ತಾನೆ, ಟೈಲರ್ ಹೆಂಗಸಿಗೆ ಕೆಲಸ ವಾಪಸು ಸಿಗುತ್ತದೆ, ಚಪ್ಪಾಳೆ, ಹಾಡು. ನಮ್ಮ ಸಂಪಾದಕರು ಕತ್ತಲಲ್ಲೇ ಎದ್ದು ನಿಂತು, "ಇದು ನಡೆಯಲಿಲ್ಲ! ಅವಳ ಕೆಲಸ ಹೋದದ್ದೇ ನನ್ನಿಂದ!" ಎಂದು ತಮಿಳಿನಲ್ಲಿ ಕೂಗಿದರು. ಹಿಂದಿನವರು "ಕೂತ್ಕೊಳ್ಳಯ್ಯಾ" ಎಂದು ಗದರಿದರು. ಇದೂ ಪ್ರಚಾರದ ತಮಾಷೆಯೇನೋ ಎಂದು ಕೆಲವರು ಚಪ್ಪಾಳೆ ತಟ್ಟಿದರು.

ಹೊರಗೆ ಬಂದು ಸಂಪಾದಕರು ನಿರ್ದೇಶಕನ ಕೈ ಹಿಡಿದರು. "ಅವಳಿಗೆ ಓದಿ ಕೇಳಿಸಿದೆಯಾ?"

"ಅಣ್ಣಾ, ಅದು ಸಿನಿಮಾ."

"ಅವಳು ಸಿನಿಮಾ ಅಲ್ಲವಲ್ಲ."

ಅವಳು ಬೇಡವೆಂದರೆ ಆ ದೃಶ್ಯ ತೆಗೆಸಿಯೇ ಬಿಡುತ್ತೇನೆಂದು ನನ್ನನ್ನು ಕರೆದುಕೊಂಡು ಧಾರಾಪುರಕ್ಕೆ ಹೊರಟರು. ಅಮರಾವತಿ ಹೊಳೆ ದಾಟುವವರೆಗೂ ಏನೇನು ಹೇಳಬೇಕೆಂದು ನನಗೆ ಪಾಠ ಮಾಡಿದರು. ಅವಳು ಹೊಲಿಗೆ ಯಂತ್ರ ನಿಲ್ಲಿಸಿ ನಮಗೆ ಟೀ ಕೊಟ್ಟು, ಸಿನಿಮಾವನ್ನು ಎರಡು ಸಲ ನೋಡಿದೆ ಎಂದಳು.

"ಅದರಲ್ಲಾದರೂ ನಾನು ಗೆದ್ದೆನಲ್ಲ ಅಣ್ಣಾ. ನನ್ನ ಸೊಸೆ ನೋಡಿ ಅತ್ತಳು. ಅಂದಿನಿಂದ ನನ್ನ ಜೊತೆ ಒಂದು ಮರ್ಯಾದೆಯಲ್ಲಿ ಮಾತಾಡುತ್ತಾಳೆ. ತೆಗೆಸಬೇಡಿ" ಎಂದಳು.

ಸಂಪಾದಕರು ಟೀ ಲೋಟ ಕೆಳಗಿಟ್ಟು ಎದ್ದರು. ತಾವೇ ಮಾಡಿದ ನಿಯಮ, ಅವಳದೇ ಕೊನೆಯ ಮಾತು. ಹಿಂದಿರುಗುವಾಗ ಬಸ್ಸಿನಲ್ಲಿ, "ತಪ್ಪು ನನ್ದು ಕಣ್ಣೂ. ಅದ ಒಪ್ಕೊಳಕ್ಕೂ ಬುಡಲಿಲ್ವಲ್ಲಾ ಅವ್ಳು" ಎಂದು ಕಿಟಕಿಗೆ ತಲೆಯಾನಿಸಿದರು. ಸುಳ್ಳೊಂದು ಊರೆಲ್ಲ ಮೆರೆಯುತ್ತಿದೆ, ಈ ಹಠಮಾರಿ ನಿಯಮದಿಂದ ಅದನ್ನು ಅಲ್ಲಗಳೆಯುವ ಹಾಗೂ ಇಲ್ಲ ಎಂದು ನನಗೆ ಅವರ ಮೇಲೂ ಅವಳ ಮೇಲೂ ಕೋಪ ಬಂತು.

ಮುಂದಿನ ಬೇಸಗೆಯಲ್ಲಿ ಅವರ ಹೃದಯ ನಿಂತಿತು. ಎಂದೂ ನಮ್ಮನ್ನು ಲೆಕ್ಕಕ್ಕಿಡದ ಪತ್ರಿಕೆಗಳೆಲ್ಲ ಅವರನ್ನು ಹೊಗಳಿದವು, ಎಲ್ಲರೂ ಬರೆದದ್ದು ಸಿನಿಮಾದ ಆ ದೃಶ್ಯವನ್ನೇ, ನಡೆದ ಸಂಗತಿಯೆಂಬಂತೆ. ಒಬ್ಬನಾದರೂ ನಮಗೆ ಫೋನ್ ಮಾಡಿ ಕೇಳಲಿಲ್ಲ. ಹೆಣ ಅಂಗಳದಲ್ಲಿರುವಾಗ ಧಾರಾಪುರದಿಂದ ಅವಳು ಹಾರ ಹಿಡಿದು ಬಂದಳು. ಸಿನಿಮಾದ ಟೈಲರ್ ಇವಳೇ ಎಂದು ಯಾರೋ ಗುರುತು ಹಿಡಿದರು. ಟಿ.ವಿ.ಯ ಯುವಕ ಮೈಕು ಚಾಚಿದ. "ನಿಮಗೆ ಕೆಲಸ ವಾಪಸು ಕೊಡಿಸಿದ್ದು ಇವರೇನಾ ಅಮ್ಮಾ?"

ಅವಳು ಹೆಣದ ಮುಖ ನೋಡಿದಳು, ನನ್ನ ಮುಖವನ್ನೂ ನೋಡಿದಳು.

"ಆಮಾಂಗ" ಎಂದಳು. ಹೌದು, ಇವರೇ.

ಮೈಕು ನನ್ನ ಕಡೆ ತಿರುಗಿತು. "ಮೇಡಂ, ನೀವು ಆ ಪತ್ರಿಕೆಯಲ್ಲೇ ಇದ್ದಿರಲ್ಲ. ನಡೆದದ್ದೇನು, ನೀವೇ ಹೇಳಿ." ಇಂಥದೊಂದು ಪ್ರಶ್ನೆಗೆ ನಿಜವನ್ನೇ ಹೇಳುವುದನ್ನು ಬಿಟ್ಟು ನಾನು ಬೇರೆ ಕಸುಬು ಕಲಿತವಳಲ್ಲ. ನಾಲಗೆಯ ತುದಿಗೆ ಬಂದಿತ್ತು. ಸತ್ತು ಮಲಗಿಯೂ ನನ್ನ ವರದಿಗೆ ಅಡ್ಡ ಬಂದ ಮನುಷ್ಯನ ಮೇಲೆ ಹಲ್ಲು ಕಚ್ಚಿಕೊಂಡೆ.

"ಈ ಅಮ್ಮನೇ ಹೇಳಿದ ಮೇಲೆ ನಾನು ಹೇಳುವುದು ಏನೂ ಇಲ್ಲ" ಎಂದೆ.