ಹಳದಿಯ ಮೇಲಿನ ದೃಷ್ಟಿಬೊಟ್ಟು

ಚನ್ನವೀರಯ್ಯನ ಬಗ್ಗೆ ಬರೆಯಲು ಕೂತರೆ ಮೊದಲು ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ. ಆದರೂ ಬರೆಯುತ್ತೇನೆ, ಬೇರೆ ಯಾರೂ ಬರೆಯುವವರಿಲ್ಲ. ಅವನು ಗುಬ್ಬಿಯ ಬೋರ್ಡ್ ಪೇಂಟರ್. ನಾನು ವೆಂಕಟರಂಗಯ್ಯ, ತುಮಕೂರಿನ ಮರಳೂರಿನಲ್ಲಿ ಬಣ್ಣದ ಅಂಗಡಿ ಇಟ್ಟುಕೊಂಡವನು. ಮೂವತ್ತು ವರ್ಷ ಅವನಿಗೆ ಬಣ್ಣ ಮಾರಿದ್ದೇನೆ, ಮೂವತ್ತು ವರ್ಷ ಅವನ ಜೊತೆ ಜಗಳವಾಡಿದ್ದೇನೆ.

ಅವನ ಕೈಬರಹವಿಲ್ಲದ ರಸ್ತೆ ನಮ್ಮ ಕಡೆ ಒಂದು ಕಾಲಕ್ಕೆ ಇರಲಿಲ್ಲ. ಗುಬ್ಬಿಯ ಕೊಬ್ಬರಿ ಮಂಡಿಗಳ ಬೋರ್ಡು, ಕುಣಿಗಲ್ ಲಾರಿಗಳ ಹಿಂದಿನ ‘ತಾಯಿಯ ಆಶೀರ್ವಾದ’, ಮಾರ್ಕೋನಹಳ್ಳಿ ಡ್ಯಾಮಿನ ಹತ್ತಿರ ‘ನೀರಿಗೆ ಇಳಿಯಬೇಡಿ’ ಎಂಬ ಕೆಂಪಕ್ಷರ, ಎಲ್ಲವೂ ಅವನದೇ. ಅಕ್ಷರದ ಕೊನೆಯ ಸುತ್ತು ಎಳೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದ. ಕೆಲಸ ಮುಗಿದ ಮೇಲೆ ಬಲಗಡೆ ಕೆಳಮೂಲೆಯಲ್ಲಿ ಪುಟ್ಟದಾಗಿ ‘ಚನ್ನವೀರ ಆರ್ಟ್ಸ್, ಗುಬ್ಬಿ’ ಅಂತ ಬರೆದು ಕುಂಚ ಒರೆಸುತ್ತಿದ್ದ. ಆ ಮೂಲೆ ಬಿಟ್ಟುಕೊಡದ ಗಿರಾಕಿಯ ಕೆಲಸವನ್ನೇ ಒಪ್ಪುತ್ತಿರಲಿಲ್ಲ, ಅಷ್ಟು ಕೊಬ್ಬು.

ಆಮೇಲೆ ಫ್ಲೆಕ್ಸ್ ಬಂತು. ಅವನು ಎರಡು ದಿನ ಕೂತು ಬರೆಯುವ ಬೋರ್ಡನ್ನು ಮೆಷಿನ್ನು ಒಂದು ಟೀ ಕುಡಿಯುವಷ್ಟರಲ್ಲಿ ಉಗುಳಿಬಿಡುತ್ತಿತ್ತು, ಜೊತೆಗೆ ಮಾಲೀಕನ ಫೋಟೋ ಬೇರೆ. ಐದಾರು ವರ್ಷದಲ್ಲಿ ಅವನ ಕೆಲಸ ನಿಂತೇ ಹೋಯಿತು. ರೋಲರ್ ಹಿಡಿದು ಮನೆಗಳಿಗೆ ಸುಣ್ಣಬಣ್ಣ ಹೊಡೆಯುವುದಕ್ಕೆ ಇಳಿದ. ಮಲಗುವ ಕೋಣೆಯ ಗೋಡೆಯ ಮೂಲೆಯಲ್ಲಿ ಯಾರು ಪೇಂಟರ್ ಹೆಸರು ಬರೆಸಿಕೊಳ್ಳುತ್ತಾರೆ? ಹದಿನೈದು ವರ್ಷ ಅವನು ತನ್ನ ಹೆಸರು ಎಲ್ಲೂ ಬರೆಯಲಿಲ್ಲ.

ಅವನ ಒಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡಬೇಕು. ಅವನಿಗೆ ಕುಂಚ ಹಿಡಿಸಿದವರು ಗುಬ್ಬಿಯ ಲಾರಿ ಪೇಂಟರ್ ವೀರಭದ್ರಯ್ಯ. ಮಾಡಿದ ಕೆಲಸ ಮಾಡಿದವನಿಗೇ ತುಂಬ ಇಷ್ಟವಾಗಿಬಿಟ್ಟರೆ ಮಗುವಿನ ಕೆನ್ನೆಗೆ ಇಡುವ ಹಾಗೆ ಅದಕ್ಕೊಂದು ಕಪ್ಪು ಬೊಟ್ಟು ಇಡಬೇಕು, ಇಲ್ಲದಿದ್ದರೆ ಮೊದಲು ತಗಲುವುದು ಮಾಡಿದವನ ದೃಷ್ಟಿಯೇ ಅಂತ ಅವರು ಹೇಳಿಕೊಟ್ಟಿದ್ದರು. ಎಲ್ಲದಕ್ಕೂ ಇಡುವಂತಿಲ್ಲ. ಪೇಂಟಿನಲ್ಲೂ ಇಡುವಂತಿಲ್ಲ, ಮನೆಯ ಕಾಡಿಗೆಯೇ ಆಗಬೇಕು. ಚನ್ನವೀರಯ್ಯನ ಹೆಂಡತಿ ಬಸವಲಿಂಗಮ್ಮ ದೀಪದ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ ಪುಟ್ಟ ಡಬ್ಬಿಗೆ ತುಂಬಿಕೊಡುತ್ತಿದ್ದರು. ಅಷ್ಟು ವರ್ಷದಲ್ಲಿ ಹನ್ನೊಂದೇ ಸಲ ಆ ಡಬ್ಬಿ ತೆರೆದಿದ್ದೇನೆ ಅಂತ ಒಮ್ಮೆ ಹೇಳಿದ್ದ. ಹನ್ನೊಂದೂ ಎಣ್ಣೆಬಣ್ಣದ ಕೆಲಸಗಳು. ಬೊಟ್ಟು ಎಲ್ಲೋ ಮೂಲೆಯಲ್ಲಿ ಇರುತ್ತಿದ್ದುದರಿಂದ ಯಾರ ಗಮನಕ್ಕೂ ಬಂದಿರಲಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಜಿಲ್ಲೆಯ ಊರುಗಳ ಗೋಡೆಗಳಿಗೆ ಚಿತ್ರ ಬರೆಸುವ ಯೋಜನೆಯೊಂದು ಬಂತು. ಮೊದಲ ಗೋಡೆ ನಮ್ಮೂರಿನ ಒಂದು ಹಳೆಯ ಸರ್ಕಾರಿ ಕಟ್ಟಡದ್ದು, ಎಪ್ಪತ್ತರ ದಶಕದಲ್ಲಿ ಕಟ್ಟಿದ್ದು. ಅದಕ್ಕೆ ಕಮಾನಿಲ್ಲ, ಗೋಪುರವಿಲ್ಲ, ಒಂದು ಹೂಬಳ್ಳಿಯೂ ಇಲ್ಲ. ಬರೀ ಕಾಂಕ್ರೀಟು ಮತ್ತು ನೇರ ಗೆರೆ. ಪಡುವಣ ಗೋಡೆಯಲ್ಲಿ ಕಿಟಕಿಯೂ ಇಲ್ಲ, ನೆತ್ತಿಯಲ್ಲಿ ಮಾತ್ರ ಕಾಂಕ್ರೀಟಿನ ಹಲಗೆಗಳು ಸಾಲಾಗಿ ಹೊರಚಾಚಿಕೊಂಡಿವೆ. ಊರವರು ಅದನ್ನು ಬೆಂಕಿಪೊಟ್ಟಣ ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತಿದ್ದೆ.

ಚಿತ್ರ ರಚಿಸಿದವಳು ದೀಪಿಕಾ, ಬೆಂಗಳೂರಿನಲ್ಲಿ ಕಲೆ ಓದಿದ ಹುಡುಗಿ. ಗುತ್ತಿಗೆ ಹಿಡಿದವನು ಮಲ್ಲಿಕಾರ್ಜುನ್. ಅವಳು ಗೆರೆ ಹಾಕಿಕೊಟ್ಟ ಆಕಾರಗಳಿಗೆ ಬಣ್ಣ ತುಂಬಲು ಎತ್ತರದಲ್ಲಿ ಕೈ ನಡುಗದವನೊಬ್ಬ ಬೇಕಿತ್ತು. ಚನ್ನವೀರಯ್ಯನ ಹೆಸರು ಹೇಳಿದವನು ನಾನೇ.

ಎರಡನೇ ದಿನ ಸಂಜೆ ಅಂಗಡಿಗೆ ಬಂದವನು ಮುಖ ಗಂಟು ಹಾಕಿಕೊಂಡಿದ್ದ.

“ರಂಗಣ್ಣ, ಅದ್ರಲ್ಲಿ ಹಸಾನೂ ಇಲ್ಲ, ಮರಾನೂ ಇಲ್ಲ, ಒಂದ್ ಅಕ್ಷರಾನೂ ಇಲ್ಲ. ಇದೇನ್ ಮೇಡಂ ಅಂತ ಕೇಳ್ದೆ. ಏನೂ ಅಲ್ಲ ಅಂಕಲ್, ಬಣ್ಣ ನೋಡಿ ಅಂದ್ಲು.”

“ಕೂಲಿ ಕೊಡ್ತಾರೆ ತಾನೆ? ತುಂಬಿಬಿಟ್ಟು ಬಾ. ಅರ್ಥ ಕಟ್ಕೊಂಡು ಏನ್ಮಾಡ್ತೀಯ?” ಅಂದೆ.

ವಾರ ಕಳೆಯುವಷ್ಟರಲ್ಲಿ ಅವನ ಮಾತೇ ಬದಲಾಗಿತ್ತು. ನೀಲಿಯ ಪಕ್ಕ ಕಿತ್ತಳೆ ಕೂತರೆ ಗೆರೆ ನಡುಗುತ್ತದೆ ಅಂತ ಶುರು ಮಾಡಿದ. ಅದೇ ನೀಲಿಯನ್ನು ಬೂದಿಯ ಪಕ್ಕ ಕೂರಿಸಿದರೆ ಮಲಗಿಬಿಡುತ್ತದಂತೆ. ಗಿರಾಕಿಗಳು ನಿಂತಿದ್ದರೂ ನನ್ನ ಶೇಡ್ ಕಾರ್ಡ್ ಬಿಡಿಸಿಕೊಂಡು ಎರಡೆರಡು ಚೌಕಗಳನ್ನು ಬೆರಳಲ್ಲಿ ಮುಚ್ಚಿ, ತೆಗೆದು, ನೋಡುತ್ತಿದ್ದ.

“ಇಪ್ಪತ್ತೈದ್ ವರ್ಷ ಬಣ್ಣಾನ ಅಕ್ಷರಕ್ಕೆ ಜೀತಕ್ಕೆ ಇಟ್ಟಿದ್ದೆ ಕಣಣ್ಣ,” ಅಂದ. “ಈಗ ಗೊತ್ತಾಗ್ತಾ ಅದೆ.”

ಇನ್ನೊಂದು ದಿನ ಓಡೋಡಿ ಬಂದ. “ನೀನು ಬೆಂಕಿಪೊಟ್ಟಣ ಅಂತೀಯಲ್ಲ, ನಾಲ್ಕ್ ಗಂಟೆಗೆ ಬಂದ್ ನೋಡು. ಮೇಲಿನ ಹಲಗೆ ನೆರಳು ಗೋಡೆ ಮೇಲೆ ಓರೆಯಾಗಿ ಇಳೀತದೆ. ಮೇಡಂ ಗೆರೆ ಹಾಕಿರೋದೆಲ್ಲ ಆ ನೆರಳಿನ ದಾರೀಲೇ. ಸರಿಯಾಗಿ ನಾಲ್ಕಕ್ಕೆ ನೆರಳಿನ ಅಂಚು ಹಳದಿ ಅಂಚಿಗೆ ಬಂದ್ ಕೂರ್ತದೆ. ಅದನ್ನ ಕಟ್ಟಿದೋನು ಪೆದ್ದ ಅಲ್ಲ ರಂಗಣ್ಣ. ಗೋಡೆ ಯಾಕೆ ಖಾಲಿ ಬುಟ್ಟವ್ನೆ ಅಂತ ಐವತ್ ವರ್ಷ ಯಾರೂ ಕೇಳಲಿಲ್ಲ, ಅಷ್ಟೇಯ.”

ನಾನು ಹೋಗಲಿಲ್ಲ. ಅಂಗಡಿ ಬಿಟ್ಟು ಬರೋಕಾಗಲ್ಲ ಅಂದೆ. ಆ ಗೋಡೆ ಅಂಗಡಿಯಿಂದ ಹತ್ತು ನಿಮಿಷದ ದಾರಿ.

ದೀಪಿಕಾ ಒಳ್ಳೆಯ ಹುಡುಗಿ. ಅವನ ಕೈಯನ್ನು ನೋಡಿ, ಕೊನೆಯ ದಿನ ಬಲಗಡೆ ಕೆಳಮೂಲೆಯಲ್ಲಿ ನಿಮ್ಮ ಹೆಸರನ್ನು ನೀವೇ ಬರೆಯಿರಿ ಅಂಕಲ್, ಮುಂದಿನ ಕುಣಿಗಲ್ ಗೋಡೆಗೂ ನೀವೇ ಬರಬೇಕು ಅಂದಿದ್ದಳು. ಈ ಸುದ್ದಿ ಹೇಳಲು ಅಂಗಡಿಗೆ ಬಂದಿದ್ದ. ಅರವತ್ತರ ಹತ್ತಿರದ ಗಂಡಸು, ಥಿನ್ನರ್ ಡಬ್ಬಗಳ ಮೇಲೆ ಕೂತು ಮುಖ ಆ ಕಡೆ ತಿರುಗಿಸಿಕೊಂಡ. ಅರ್ಧ ಇಂಚಿನ ಹೊಸ ಕುಂಚವೊಂದನ್ನು ಆರಿಸಿ ಕೊಂಡು ಹೋದ. ಅಂಥ ಕುಂಚ ಕೇಳಿ ಹದಿನೈದು ವರ್ಷವಾಗಿತ್ತು, ಮೇಲಿನ ಅಟ್ಟದಿಂದ ಧೂಳು ಕೊಡವಿ ಇಳಿಸಿಕೊಟ್ಟೆ.

ಇಪ್ಪತ್ತೆರಡನೇ ದಿನ ಬಣ್ಣ ತುಂಬುವ ಕೆಲಸ ಮುಗಿಯಿತು. ಹೆಸರು ಬರೆಯುವುದು ಮರುದಿನ ಬೆಳಗ್ಗೆ, ಅದರ ಮರುದಿನ ಉದ್ಘಾಟನೆ. ಸಂಜೆ ಉಳಿದವರು ಟೀಗೆ ಹೋದಾಗ ಚನ್ನವೀರಯ್ಯ ಅಟ್ಟಣೆಯ ಮೇಲೆ ಒಬ್ಬನೇ ಉಳಿದಿದ್ದ. ಎದುರಿಗೆ ಗೋಡೆಯ ಬಲಭಾಗ ತುಂಬಿದ ಆ ದೊಡ್ಡ ಹಳದಿ ಆಕಾರ. ಅದು ಅವನಿಗೆ ಎಷ್ಟು ಇಷ್ಟವಾಗಿತ್ತೆಂದರೆ ಅವನಿಗೆ ಹೆದರಿಕೆಯಾಯಿತು. ಜೇಬಿನಿಂದ ಕಾಡಿಗೆ ಡಬ್ಬಿ ತೆಗೆದ. ಮೂಲೆಯಲ್ಲಿ ಇಡೋಣವೆಂದರೆ ಮೂಲೆ ಹೆಸರಿಗೆ ಮೀಸಲು. ಮಗುವಿಗಾದರೆ ಕೆನ್ನೆಯ ಮೇಲೇ ಇಡುತ್ತಾರಲ್ಲ ಅಂದುಕೊಂಡು, ಹಳದಿಯ ಮಧ್ಯೆ ಹೆಬ್ಬೆರಳಿನಿಂದ ಒತ್ತಿಬಿಟ್ಟ.

ಎಷ್ಟು ಅಡಿ ದೂರಕ್ಕೆ ಎಷ್ಟು ದಪ್ಪದ ಅಕ್ಷರ ಬೇಕೆಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲವನು ಅವನು. ಆದರೆ ಆ ಲೆಕ್ಕವೆಲ್ಲ ಅಕ್ಷರದ್ದು. ಏನೂ ಇಲ್ಲದ ಜಾಗದಲ್ಲಿ ಒಂದು ಹೆಬ್ಬೆರಳು ಎಷ್ಟು ದೊಡ್ಡದಾಗುತ್ತದೆ ಅನ್ನುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಬೆಳಗ್ಗೆ ದೀಪಿಕಾ ರಸ್ತೆಯ ಆಚೆ ಬದಿಯಲ್ಲಿ ಆಟೋ ಇಳಿದಳು. ಗೋಡೆಯಲ್ಲಿ ಅವಳಿಗೆ ಆ ಬೊಟ್ಟೊಂದೇ ಕಂಡಿತು.

“ಯಾಕ್ ಅಂಕಲ್ ಹೀಗ್ ಮಾಡಿದ್ರಿ?”

“ದೃಷ್ಟಿ ಆಗ್ಬಾರ್ದು ಅಂತ ಮೇಡಂ.”

ಅವಳು ಬೈಯಲಿಲ್ಲ. ತಲೆ ಹಿಡಿದುಕೊಂಡು ಫುಟ್‌ಪಾತಿನ ಮೇಲೆ ಕೂತಳು, ಅಷ್ಟೆ. ಬೈದಿದ್ದರೆ ಸಲೀಸಾಗಿತ್ತು ಅಂತ ಅವನು ಈಗಲೂ ಹೇಳುತ್ತಾನೆ.

ಕೂಡಲೇ ಉಳಿದಿದ್ದ ಹಳದಿಯನ್ನು ಅದರ ಮೇಲೆ ಒಂದು ಕೋಟ್ ಎಳೆದ. ಅರ್ಧ ಗಂಟೆಯಲ್ಲಿ ಕಪ್ಪು ಮತ್ತೆ ಮೇಲೆ ಬಂತು. ಗೋಡೆಯದು ನೀರಿನ ಬಣ್ಣ, ಕಾಡಿಗೆಯದು ಹರಳೆಣ್ಣೆ. ಎಣ್ಣೆ ಸುಮ್ಮನೆ ಕೂರುತ್ತದೆಯೇ? ಗಾಬರಿಯಲ್ಲಿ ಟರ್ಪಂಟೈನ್ ಹಾಕಿ ಉಜ್ಜಿದ. ಮಸಿ ಹರಡಿ, ಹೆಬ್ಬೆರಳಿನಷ್ಟು ಇದ್ದದ್ದು ಊಟದ ತಟ್ಟೆಯಷ್ಟಾಯಿತು. ಇನ್ನು ಜಾಗ ಕೆರೆದು, ಪ್ರೈಮರ್ ಹೊಡೆದು, ತೇಪೆ ಕಾಣದ ಹಾಗೆ ಇಡೀ ಹಳದಿಯನ್ನೇ ಮತ್ತೆ ತುಂಬಬೇಕಿತ್ತು. ಅಷ್ಟು ಬಣ್ಣ ಉಳಿದಿರಲಿಲ್ಲ. ಅವನು ನನ್ನ ಅಂಗಡಿಗೆ ಓಡಿಬಂದ.

ಇಲ್ಲಿಂದ ಮುಂದಿನದು ನನ್ನ ಪಾಪ.

ಬಣ್ಣ ಬೆರೆಸುವ ಮೆಷಿನ್ನಿಗೆ ಅದೇ ಹಳದಿಯ ನಂಬರ್ ಹೊಡೆದೆ. ಡಬ್ಬ ಅಲುಗಾಡಿಸಿ ಮುಚ್ಚಳ ತೆಗೆದುಕೊಟ್ಟೆ. ಅವನು ಕಡ್ಡಿಯೊಂದನ್ನು ಅದ್ದಿ ಬಾಗಿಲ ಬೆಳಕಿಗೆ ಹಿಡಿದು ನೋಡಿದ.

“ರಂಗಣ್ಣ, ಇದು ಚೂರು ಹಸಿರು ಹೊಡೀತಾ ಅದೆ.”

“ಏನಯ್ಯಾ ಚನ್ನವೀರ, ಕಂಪ್ಯೂಟರ್‌ಗಿಂತ ನಿನ್ ಕಣ್ಣು ಹೆಚ್ಚಾ? ಮಾಡಿರೋ ಘನಂದಾರಿ ಕೆಲಸ ಸಾಲದಾ? ನಂಬರ್ ಒಂದೇ, ಬಣ್ಣ ಒಂದೇ. ತಗೊಂಡ್ ಹೋಗು.”

ಬೇರೆ ದಿನವಾಗಿದ್ದರೆ ಡಬ್ಬ ನನ್ನ ಮುಂದೆ ಕುಕ್ಕಿ ಜಗಳಕ್ಕೆ ನಿಲ್ಲುತ್ತಿದ್ದ. ಅವತ್ತು ತಪ್ಪು ಮಾಡಿದ್ದವನು ಅವನು. ತನ್ನ ಕಣ್ಣನ್ನು ತಾನೇ ನಂಬದೆ ತಲೆ ತಗ್ಗಿಸಿ ಹೋದ. ಆ ಡಬ್ಬದ ಬೇಸ್, ಅಂದರೆ ಬಣ್ಣ ಬೆರೆಸುವ ಮೂಲ ಪೇಂಟು, ಬೇರೆ ಲಾಟಿನದು ಅಂತ ನಾನು ಲೇಬಲ್ ನೋಡಿದ್ದು ಅವನು ಹೋದ ಮೇಲೆ; ಲಾಟು ಬದಲಾದರೆ ಒಂದೇ ನಂಬರಿನಲ್ಲೂ ಬಣ್ಣ ಚೂರು ಸರಿಯುತ್ತದೆ. ಫೋನ್ ಮಾಡಬಹುದಿತ್ತು. ಯಾರಿಗೆ ಗೊತ್ತಾಗುತ್ತದೆ ಬಿಡು ಅಂದುಕೊಂಡೆ.

ಸಂಜೆ ಹೊತ್ತಿಗೆ ಅರ್ಧ ಹಳದಿಯ ಮೇಲೆ ಹೊಸ ಹಳದಿ ಒಣಗಿತ್ತು. ಒಣಗಿದ ಮೇಲೆ ಅದು ಕಾಮಾಲೆ ಬಂದವರ ಕಣ್ಣಿನ ಹಾಗೆ ಕಾಣುತ್ತಿತ್ತಂತೆ. ಡಬ್ಬ ಮುಗಿದಿತ್ತು. ಪ್ರೈಮರ್ ಸರಿಯಾಗಿ ಒಣಗಲು ಪುರಸೊತ್ತು ಇರದ ಕಾರಣ ನಡುವಿನ ಕಲೆ ಬೂದಿಯಾಗಿ ಮತ್ತೆ ಎದ್ದಿತ್ತು. ಮರುದಿನ ಹತ್ತಕ್ಕೆ ಉದ್ಘಾಟನೆ. ಮಲ್ಲಿಕಾರ್ಜುನ್ ತಲೆ ಕೆಡಿಸಿಕೊಳ್ಳಲೇ ಇಲ್ಲ. ಕಲೆಯನ್ನೂ ಎರಡು ಬಗೆಯ ಹಳದಿಯನ್ನೂ ಮುಚ್ಚುವಷ್ಟು ಅಗಲದ ಒಂದು ಸ್ವಾಗತದ ಫ್ಲೆಕ್ಸ್ ಹೊಡೆಸಿದ. ಗೋಡೆಗೆ ಕಬ್ಬಿಣದ ಚೌಕಟ್ಟು ಬಡಿದು ಅದನ್ನು ಕಟ್ಟಿಸಿಯೂಬಿಟ್ಟ. ಹಳದಿ ಪೂರ್ತಿ ಮುಚ್ಚಿಹೋಯಿತು. ಹೆಸರು ಬರೆಯಬೇಕಾದ ಮೂಲೆಯೂ ಅದರಡಿ ಹೋಯಿತು.

ಕುಣಿಗಲ್ ಗೋಡೆಗೆ ಬೇರೆ ಪೇಂಟರ್ ಹೋದ. ದೀಪಿಕಾ ಒಂದೆರಡು ಸಲ ಫೋನ್ ಮಾಡಿದಳಂತೆ, ಇವನು ನಾಚಿಕೆಯಿಂದ ಎತ್ತಲಿಲ್ಲ. ಉದ್ಘಾಟನೆಯಾದ ಮೇಲೆ ಫ್ಲೆಕ್ಸ್ ತೆಗೆದು ಗೋಡೆ ಸರಿಮಾಡುತ್ತೇವೆ ಅಂದಿದ್ದರು. ಯಾರೂ ಮಾಡಲಿಲ್ಲ. ಬಡಿದ ಚೌಕಟ್ಟು ರೆಡಿ ಇತ್ತಲ್ಲ, ಸ್ವಾಗತ ಹೋಗಿ ಯಾರದೋ ಹುಟ್ಟುಹಬ್ಬ ಬಂತು. ಹುಟ್ಟುಹಬ್ಬದ ಜಾಗಕ್ಕೆ ಇನ್ಯಾರದೋ ಅಭಿನಂದನೆ ಬಂತು. ಲೇಬಲ್ಲಿನ ವಿಷಯವನ್ನು ನಾನು ಅವನಿಗೆ ಆರು ತಿಂಗಳಾದ ಮೇಲೆ ಹೇಳಿದೆ.  “ಹಸಿರು ಹೊಡೀತಿತ್ತು ಅಲ್ವಾ?” ಅಂದ. ಹೌದು ಅಂದೆ. “ಸದ್ಯ, ಕಣ್ಣು ಹೋಗಿಲ್ಲ ನಂಗೆ,” ಅಂದು ಎದ್ದು ಹೋದ. ಬೈಯಲಿಲ್ಲ ಅವನೂ.

ಕಾಡಿಗೆ ಮಾಡುವುದನ್ನು ಬಸವಲಿಂಗಮ್ಮ ನಿಲ್ಲಿಸಿದ್ದಾರೆ. “ಕೇಳಿದ್ರೆ ತಾನೆ ಮಾಡೋದು,” ಅಂದರು ಒಮ್ಮೆ. “ಈಗ ಮನೇಲಿ ಮಾತೇ ಇಲ್ಲ ಕಣಣ್ಣ. ಗೋಡೆ ನೋಡ್ಕೊಂಡು ಕೂರ್ತಾರೆ.”

ಹೋದ ತಿಂಗಳ ಗಾಳಿಗೆ ಆ ಫ್ಲೆಕ್ಸ್ ಹರಿದು ಜೋತುಬಿತ್ತು. ಹೊಸದು ಕಟ್ಟಲು ಅಷ್ಟು ಎತ್ತರ ಹತ್ತುವವರು ಸಿಗದೆ ಮಲ್ಲಿಕಾರ್ಜುನ್ ಚನ್ನವೀರಯ್ಯನಿಗೇ ಹೇಳಿಕಳಿಸಿದ. ಅವನು ಒಪ್ಪಿದ. ಒಪ್ಪದೆ ಏನು ಮಾಡುತ್ತಾನೆ, ಮಳೆಗಾಲ, ಬಣ್ಣದ ಕೆಲಸವಿಲ್ಲ. ಸುದ್ದಿ ತಿಳಿದು ನಾನು ಅಂಗಡಿಯ ಬಾಗಿಲು ಎಳೆದುಕೊಂಡು ಹೋದೆ.

ಹರಿದದ್ದನ್ನು ಬಿಚ್ಚುವಷ್ಟರಲ್ಲಿ ನಾಲ್ಕಾಗುತ್ತಾ ಬಂದಿತ್ತು. ಮೋಡ ಸರಿದು ಬಿಸಿಲು ಬಿತ್ತು. ಹಲಗೆಗಳ ನೆರಳು ಓರೆಯಾಗಿ ಇಳಿದು ಹಳದಿಯ ಅಂಚಿಗೆ ಬಂದು ಕೂತಿತು, ಅವನು ಹೇಳಿದ್ದ ಹಾಗೇ. ಆ ನೀಲಿ, ಆ ಕಿತ್ತಳೆ, ಆ ಬೆಂಕಿಪೊಟ್ಟಣ ಎಲ್ಲ ಒಟ್ಟಿಗೆ ಒಂದೇ ಆದವು. ಹತ್ತು ನಿಮಿಷದ ದಾರಿಗೆ ನಾನು ಎರಡು ವರ್ಷ ತೆಗೆದುಕೊಂಡಿದ್ದೆ. ಕಲೆ ಇತ್ತು, ನನ್ನ ಹಸಿರು ಹೊಡೆಯುವ ಹಳದಿಯೂ ಇತ್ತು. ದೇವರಾಣೆಗೂ ಮೊದಲು ಅವು ಕಣ್ಣಿಗೆ ಬೀಳಲಿಲ್ಲ. ನನಗೆ ಅಳು ಬಂತು.

ಮೇಲೆ ಚನ್ನವೀರಯ್ಯ ಗೋಡೆಗೆ ಮುಖ ಮಾಡಿ ನಿಂತಿದ್ದ. ಹಳದಿಯ ಮೇಲೆ ಅಂಗೈ ಇಟ್ಟ, ಜ್ವರ ನೋಡುವವರ ಹಾಗೆ. ಆಮೇಲೆ ಹೊಸ ಫ್ಲೆಕ್ಸ್ ಎಳೆದು ಕಟ್ಟತೊಡಗಿದ. ಅಂಚಿನ ಒಂದೊಂದು ರಿಂಗಿಗೂ ಎರಡೆರಡು ಗಂಟು ಹಾಕಿ, ಜಗ್ಗಿ ನೋಡಿ, ಸುಕ್ಕು ಬಿಡಿಸಿ ಕಟ್ಟಿದ. ಕೆಳಗಿನ ಬಲಮೂಲೆಯನ್ನು ಕೊನೆಗೆ ಕಟ್ಟಿದ. ಆ ಮೂಲೆಯಲ್ಲಿ ಫ್ಲೆಕ್ಸ್ ಅಂಗಡಿಯ ಹೆಸರು ಮತ್ತು ಫೋನ್ ನಂಬರ್ ಪ್ರಿಂಟಾಗಿತ್ತು.

ಕೆಳಗಿಳಿದ ಮೇಲೆ ನನಗೆ ತಡೆಯಲಾಗಲಿಲ್ಲ. “ನಾಲ್ಕು ಗಂಟು ಸಡಿಲ ಬಿಡೋಕೇನಾಗಿತ್ತೋ ನಿಂಗೆ? ವಾರದಲ್ಲಿ ಗಾಳಿಗೆ ಕಿತ್ಕೊಂಡು ಹೋಗ್ತಿತ್ತು.”

ಅವನು ಅಂಗೈಯನ್ನು ಪಂಚೆಗೆ ಒರೆಸಿಕೊಂಡ.

“ನಂಗೂ ಅನ್ನಿಸ್ತು ರಂಗಣ್ಣ,” ಅಂದ. “ಸಡ್ಲ ಕಟ್ಟೋಕೆ ಕೈ ಬರಲಿಲ್ಲ.”