ಇಲ್ಲದ ಬೆರಳು ಸಹಜ

ಆ ಆಸ್ಪತ್ರೆಯ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಇಳಿಸಿಕೊಳ್ಳಬೇಕೆಂದು ನಾನು ಪ್ರಯತ್ನವನ್ನೂ ಮಾಡಿಲ್ಲ.

ಹದಿನಾಲ್ಕು ವರ್ಷ ನರ್ಸ್ ಆಗಿ ದುಡಿದು, ಬೆನ್ನುನೋವಿನಿಂದ ವಾರ್ಡಿನ ಕೆಲಸ ಬಿಟ್ಟ ಮೇಲೆ ಒಂದು ಗುತ್ತಿಗೆ ಕೆಲಸ ಹಿಡಿದಿದ್ದೆ. ಸರ್ಕಾರದ ಆರೋಗ್ಯ ವಿಮೆಯ ಕಾರ್ಡಿನ ಮೇಲೆ ಬರುವ ಸಕ್ಕರೆ ಕಾಯಿಲೆಯವರನ್ನು ಆಸ್ಪತ್ರೆಗಳು ಹೇಗೆ ನೋಡಿಕೊಳ್ಳುತ್ತಿವೆ ಎಂದು ಅಳೆಯುವ ಕೆಲಸ. ಅಳೆಯುವುದೆಂದರೆ ಇಷ್ಟೇ: ಫೈಲು ತೆರೆದು, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಆಗಿದೆಯೇ, ಕಣ್ಣು ನೋಡಿದ್ದಾರೆಯೇ, ಪಾದ ನೋಡಿದ್ದಾರೆಯೇ ಎಂಬ ಪ್ರಶ್ನೆಗಳ ಮುಂದೆ ಹೌದು ಅಥವಾ ಇಲ್ಲ ಎಂದು ಗುರುತು ಹಾಕುವುದು. ಹೌದುಗಳು ಹೆಚ್ಚಿದ ಆಸ್ಪತ್ರೆಗೆ ಒಳ್ಳೆಯ ದರ್ಜೆ.

ವಿದ್ಯಾನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎರಡು ದಿನ ಕೂತೆ. ದಾಖಲೆ ನೋಡಿಕೊಳ್ಳುವ ಮ್ಯಾನೇಜರ್, ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ, ತಾಸಿಗೊಮ್ಮೆ ಚಹಾ ಕಳಿಸುತ್ತಿದ್ದ. ಫೈಲುಗಳು ವಿಪರೀತ ಅಚ್ಚುಕಟ್ಟಾಗಿದ್ದವು. ನಿಜವಾದ ರೋಗಿಯ ಫೈಲಿನಲ್ಲಿ ಹೊಡೆದುಹಾಕಿದ ಸಾಲು ಇರುತ್ತದೆ, ಬಿಟ್ಟುಹೋದ ದಿನಾಂಕ ಇರುತ್ತದೆ. ವಾರ್ಡಿನಲ್ಲಿ ದುಡಿದ ಯಾರಿಗಾದರೂ ಅದು ಗೊತ್ತು. ಇಲ್ಲಿ ಎಲ್ಲರ ಹಾಳೆಯಲ್ಲೂ ಒಂದೇ ಶಾಯಿ, ಒಂದೇ ಕೈಬರಹ: 'ಎರಡೂ ಪಾದ ಪರೀಕ್ಷಿಸಲಾಗಿದೆ. ಬೆರಳುಗಳು ಸಹಜ.' ಆದರೂ ನಾನು ಹೌದು, ಹೌದು ಎಂದು ಗುರುತು ಹಾಕುತ್ತಲೇ ಹೋದೆ. ಅದನ್ನು ಮುಚ್ಚಿಡುವುದಿಲ್ಲ.

ನಿಯಮದ ಪ್ರಕಾರ ಕೆಲವು ರೋಗಿಗಳಿಗೆ ಫೋನ್ ಮಾಡಿಯೂ ಕೇಳಬೇಕಿತ್ತು. ಒಬ್ಬ ಹೆಂಗಸು ಆಸ್ಪತ್ರೆಯ ಹೆಸರು ಕಿವಿಗೆ ಬಿದ್ದೊಡನೆ ಫೋನ್ ಇಟ್ಟುಬಿಡುತ್ತಿದ್ದಳು. ಮೂರನೆಯ ಸಲವೂ ಹಾಗೇ ಆದಾಗ ನನಗೆ ಹಟ ಬಂತು. ಫೈಲಿನಲ್ಲಿದ್ದ ಆಕೆಯ ವಿಳಾಸ ಉಣಕಲ್, ನಾನು ಧಾರವಾಡದ ಮನೆಗೆ ಮರಳುವ ದಾರಿಯಲ್ಲೇ. ಬಸ್ಸಿಳಿದು ಆಕೆಯ ಮನೆ ಹುಡುಕಿಕೊಂಡು ಹೋದೆ.

ಅರವತ್ತರ ಆಸುಪಾಸಿನ ಆಕೆ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತರೂ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಆಸ್ಪತ್ರಿಯವ್ರೇನು? ಹಂಗಿದ್ರ ಅಲ್ಲೇ ಹೊರಗ ನಿಂದರ್ರಿ."

"ಆಸ್ಪತ್ರಿಯಾಕಿ ಅಲ್ರಿ ಅವ್ವಾರ. ಅವರು ನಿಮ್ಮನ್ನ ಛಲೋ ನೋಡಿಕೊಂಡಾರೋ ಇಲ್ಲೋ ಕೇಳಾಕ ಬಂದೇನಿ. ಹೋದ ತಿಂಗಳ ನಿಮ್ಮ ಪಾದ ನೋಡೇವಂತ ಬರದಾರ, ಖರೇ ಏನ್ರಿ?"

ಬಡಿಯುವ ಕೈ ನಿಂತಿತು. "ಏನಂತ ಬರದಾರ? ಓದಿ ಹೇಳ್ರಿ."

ಬರೆದುಕೊಂಡಿದ್ದ ಹಾಳೆ ತೆಗೆದು ಓದಿದೆ. ಆಕೆ ಗೋಡೆ ಹಿಡಿದು ಎದ್ದು, ಸೀರೆಯ ಅಂಚು ಎತ್ತಿ, ಬಲಗಾಲು ಮುಂದಿಟ್ಟಳು. ಹೆಬ್ಬೆರಳೂ ಅದರ ಪಕ್ಕದ ಬೆರಳೂ ಇರಲಿಲ್ಲ.

"ಕೊಯ್ದು ಐದ ತಿಂಗಳಾತು. ಅದ ಆಸ್ಪತ್ರಿ, ಅದ ಕಾರ್ಡು. ಗುಳ್ಳಿ ಎದ್ದಾಗ ಎರಡ ಸಲ ಹೋಗಿದ್ದೆ. ಗುಳಿಗಿ ಬರದು ಕಳಿಸಿದ್ರು, ಚಪ್ಪಲ ಸೈತ ಬಿಚ್ಚಸಲಿಲ್ಲ. ಕಪ್ಪಾದ ಮ್ಯಾಲೆ ನೋಡಿದ್ರು, ಕೊಯ್ಯಾಕ. ಈಗ ಹೇಳ್ರಿ ಬಾಯಾರ, ಬೆರಳ ಸಹಜ ಅಂದ್ರ ಯಾವ ಬೆರಳ?"

ಆಕೆ ನನ್ನ ಕೈಯಲ್ಲಿದ್ದ ಹಾಳೆಯ ಗುರುತುಗಳ ಕಡೆ ಬೆರಳು ಮಾಡಿದಳು.

"ನೀವೂ ಹೌದು ಅಂತನ ಗೀಚೀರಿ. ಗೀಚೀರೋ ಇಲ್ಲೋ?"

"ಗೀಚೇನ್ರಿ."

"ಹಂಗಾದ್ರ ನಡೀರಿ ಇಲ್ಲಿಂದ."

ನಾನು ಹೋಗಲಿಲ್ಲ. ಅವಮಾನದಿಂದಲೋ ಹಳೆಯ ಅಭ್ಯಾಸದಿಂದಲೋ, ನೆಲದ ಮೇಲೆ ಕೂತು ಎಡಗಾಲು ತೋರಿಸಿ ಎಂದೆ. ಬೈಯುತ್ತಲೇ ಚಾಚಿದಳು. ಕಿರುಬೆರಳಿನ ಸಂದಿಯಲ್ಲಿ ಕಡಲೆಕಾಳಿನಷ್ಟು ಹುಣ್ಣು, ಒಳಗೆ ಕೀವು. ಅದರ ಪಕ್ಕದಲ್ಲಿ ಬೆರಳಿಟ್ಟು ಒತ್ತಿ, ನೋಯುತ್ತದೆಯೇ ಎಂದು ಕೇಳಿದೆ.

"ಎಲ್ಲಿ ಮುಟ್ಟೀರಿ?" ಎಂದಳು.

ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದು, ನಾನು ಮುಟ್ಟಿದ್ದೇ ಆಕೆಗೆ ತಿಳಿದಿರಲಿಲ್ಲ. ಈ ಪರೀಕ್ಷೆಗೆ ಯಂತ್ರ ಬೇಡ, ಪ್ರಯೋಗಾಲಯ ಬೇಡ. ನನಗೆ ಐದು ನಿಮಿಷ ಹಿಡಿಯಿತು.

ಆ ಆಸ್ಪತ್ರೆಯ ಮೆಟ್ಟಿಲನ್ನು ಸತ್ತರೂ ತುಳಿಯುವುದಿಲ್ಲ ಎಂದು ಕೂತಳು. ಮರುದಿನ ಬೆಳಿಗ್ಗೆ ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದೆ. ಮೂರು ತಾಸು ಪಾಳಿಯಲ್ಲಿ ನಿಂತೆವು. ಮಧ್ಯೆ ನುಗ್ಗಿದವನೊಬ್ಬನ ಜೊತೆ ನಾನು, ಕಾಂಪೌಂಡರನ ಜೊತೆ ಆಕೆ ಜಗಳ ತೆಗೆದೆವು. ಒಳಗಿದ್ದ ಡಾಕ್ಟರಮ್ಮ ಹುಣ್ಣು ತೊಳೆದು, ಇನ್ನೊಂದು ವಾರ ಬಿಟ್ಟಿದ್ದರೆ ಈ ಕಾಲಿನ ಬೆರಳೂ ಹೋಗುತ್ತಿತ್ತು ಎಂದರು.

ಅಲ್ಲಿಂದ ನೇರ ಮ್ಯಾನೇಜರನ ಕೋಣೆಗೆ ಹೋದೆ.

"ಇಲ್ಲದ ಬೆರಳ ಸಹಜ ಅಂತ ಬರದೀರಲ್ರಿ, ನಾಚಿಕಿ ಇಲ್ಲೇನ್ರಿ?"

ಆತ ಬೆದರಲಿಲ್ಲ. "ನಿಮ್ಮ ಫಾರ್ಮ್ ಏನ ಕೇಳತೈತಿ ಮೇಡಂ? ಪಾದ ನೋಡಿದ್ದು ಫೈಲಿನ್ಯಾಗ ಬರದೈತೋ ಇಲ್ಲೋ, ಅಷ್ಟ. ಬರದೈತಿ. ಉಳಿದದ್ದು ನಿಮ್ಮ ಕೆಲಸ ಅಲ್ಲ."

ಫಾರ್ಮಿನ ಮಟ್ಟಿಗೆ ಆತ ಹೇಳಿದ್ದು ಸರಿಯಿತ್ತು. ಅದಕ್ಕೇ ಮೈಯೆಲ್ಲ ಉರಿಯಿತು. ಅವತ್ತೇ ನನ್ನ ಹಾಳೆಗಳನ್ನು ತೆಗೆದು, ಪಾದದ ಪ್ರಶ್ನೆಯ ಮುಂದಿದ್ದ ಹೌದುಗಳನ್ನೆಲ್ಲ ಹೊಡೆದುಹಾಕಿ, 'ನಂಬಲು ಸಾಧ್ಯವಿಲ್ಲ' ಎಂದು ಬರೆದೆ. ನಮ್ಮ ಕಚೇರಿಯ ಸಾಹೇಬರು ಕರೆಸಿದರು. ಕಂಪ್ಯೂಟರು ಹೌದು, ಇಲ್ಲ, ಎರಡನ್ನೇ ತೆಗೆದುಕೊಳ್ಳುತ್ತದೆಯಂತೆ. ಹಾಗಾದರೆ ಇಲ್ಲ ಎಂದು ಹಾಕಿ ಎಂದೆ. ಫೈಲಿನಲ್ಲಿ ಇದ್ದದ್ದನ್ನು ಇಲ್ಲ ಎನ್ನಲು ಬರುವುದಿಲ್ಲ ಎಂದರು. ನಾನು ಸಹಿ ಹಾಕಲಿಲ್ಲ. ಬೇರೆ ಯಾರೋ ಹಾಕಿದರು. ಆಸ್ಪತ್ರೆಗೆ ಒಳ್ಳೆಯ ದರ್ಜೆ ಬಂತು; ಪ್ರಮಾಣಪತ್ರಕ್ಕೆ ಗಾಜು ಹಾಕಿಸಿ ನೋಂದಣಿ ಕೌಂಟರಿನ ಮೇಲೆ ತೂಗುಹಾಕಿದರು. ನನ್ನ ಗುತ್ತಿಗೆ ಮುಂದುವರಿಯಲಿಲ್ಲ.

ಉಣಕಲ್ಲಿನ ಮನೆಗೆ ಮಾತ್ರ ಹೋಗುತ್ತಿದ್ದೆ, ಹುಣ್ಣಿನ ಪಟ್ಟಿ ಬದಲಿಸಲು. ಆರು ವಾರಕ್ಕೆ ಹುಣ್ಣು ಮಾಯಿತು. ಆಕೆ ಉಪಕಾರವಾಯಿತು ಎನ್ನಲಿಲ್ಲ. "ಬರೂದಿದ್ರ ಬೆರಳ ಇದ್ದಾಗ ಬರಬೇಕಿತ್ತು" ಎಂದಳು.

ವಿಮೆಯ ಕಚೇರಿಗೆ ಆಕೆಯ ಹೆಸರಿನಲ್ಲಿ ದೂರು ಬರೆದುಕೊಟ್ಟೆ. ಎರಡು ತಿಂಗಳಿಗೆ ಉತ್ತರ ಬಂತು: ದಾಖಲೆಗಳನ್ನು ಪರಿಶೀಲಿಸಲಾಗಿದೆ, ಎಲ್ಲವೂ ಕ್ರಮಬದ್ಧವಾಗಿವೆ. ಅವರು ನೋಡಿದ್ದು ಅದೇ ಫೈಲು! ಓದಿ ಹೇಳಿದಾಗ ಆಕೆ ಕಾಗದವನ್ನು ಕಸಿದು ಒಲೆಗೆ ಹಾಕಲು ಹೊರಟಳು. ನಾನೇ ಬಿಡಿಸಿಕೊಂಡೆ.

"ಇನ್ನೊಂದ ಬರೀರಿ" ಎಂದಳು. "ಈ ಸಲ ಕಾಲಿನ ಫೋಟೋ ಹಚ್ಚಿ ಕಳಸ್ರಿ. ನೋಡ್ಲಿ."

ಫೋಟೋ ಹೋದ ಮೂರು ವಾರಕ್ಕೆ ಇಬ್ಬರು ಅಧಿಕಾರಿಗಳು ಮನೆಗೇ ಬಂದರು. ಆಕೆ ಅವರನ್ನು ನೆಲದ ಮೇಲೆ ಕೂರಿಸಿ, ಎರಡೂ ಪಾದಗಳ ಬೆರಳುಗಳನ್ನು ಎಣಿಸಿ ಹೇಳಿ ಎಂದಳಂತೆ. ಎಣಿಸಿದರಂತೆ. ಆಸ್ಪತ್ರೆಗೆ ನೋಟಿಸು ಹೋಯಿತು. ಆ ಮ್ಯಾನೇಜರ್ ಈಗ ಅಲ್ಲಿಲ್ಲ. ಬೇರೊಂದು ಆಸ್ಪತ್ರೆಯಲ್ಲಿ ಅದೇ ಕೆಲಸ ಮಾಡುತ್ತಿದ್ದಾನೆ ಎಂದು ಕೇಳಿದೆ.