ಗೌರಿ ಹಾಕಿದ ಸುತ್ತು

ಸಿ.ಎಸ್. ಪುರದ ನಮ್ಮ ತೋಟದಲ್ಲಿ ಹಸು ಗೌರಿ, ಕಟ್ಟಿದ್ದ ತೆಂಗಿನ ಮರಕ್ಕೇ ಹಗ್ಗ ಸುತ್ತಿಕೊಂಡು ಅಲ್ಲಾಡಲಾಗದೆ ನಿಂತಿತ್ತು. ಹಗ್ಗ ಬಿಡಿಸಲು, ಅದು ಎತ್ತೆತ್ತ ಓಡಾಡಿತೆಂದು ನಾನು ಹೆಜ್ಜೆಗುರುತು ಹುಡುಕುತ್ತಿದ್ದರೆ ಅಮ್ಮ ರೇಗಿದರು:

“ಎಲ್ಲೆಲ್ಲಿ ತಿರುಗ್ತೋ ಬುಡು! ಮರಾನ ಎಷ್ಟು ಸುತ್ತು ಹಾಕೈತೋ, ಅಷ್ಟು ಸುತ್ತು ವಾಪಸ್ ತಿರುಗ್ಸು ಕಣೇ.”

ನಾನು ಕಿರುಚಿಯೇಬಿಟ್ಟೆ! ತುಮಕೂರಿನ ಕಾಲೇಜಿನಲ್ಲಿ ಕಾಂಪ್ಲೆಕ್ಸ್ ಅನಾಲಿಸಿಸ್ ಎಂಬ ಗಣಿತ ಪಾಠ ಮಾಡುವ ನಾನು, ನನ್ನ ಸಂಶೋಧನೆಯಲ್ಲಿ ಒಂದು ವಕ್ರರೇಖೆಯ ಪ್ರತಿ ತಿರುವನ್ನೂ ಬೆನ್ನಟ್ಟಿ ತಿಂಗಳುಗಟ್ಟಲೆ ಒದ್ದಾಡಿದ್ದೆ. ಆ ರೇಖೆ ತನ್ನೊಳಗಿನ ಬಿಂದುವನ್ನು ಎಷ್ಟು ಸಲ ಸುತ್ತಿದೆ ಎಂದು ಎಣಿಸಿದ್ದರೆ ಸಾಕಿತ್ತು! ಗೌರಿಯನ್ನು ಹಾಗೇ ಬಿಟ್ಟು ನೋಟ್‌ಬುಕ್ ಹುಡುಕಿಕೊಂಡು ಮನೆಗೆ ಓಡಿದೆ. ಸಂಜೆಯೊಳಗೆ ಲೆಕ್ಕ ಬಿಡಿಸಿಯಾಗಿತ್ತು.

ಲೇಖನ ಅಚ್ಚಾದಾಗ ಅಮ್ಮನಿಗೆ ತೋರಿಸಿದೆ. ಇಂಗ್ಲಿಷ್ ಬಾರದ ಅಮ್ಮ, ಚುಕ್ಕಿಯನ್ನು ಸುತ್ತಿದ ಗೆರೆಯ ಚಿತ್ರದ ಮೇಲೆ ಬೆರಳಿಟ್ಟು ಕೇಳಿದರು: “ಇದು ನಮ್ ಗೌರಿ ಹಗ್ಗ ಅಲ್ವೇನೇ?”